ನರ್ಸಕ್ಕ ಕೇಳಿದ ಎರಡನೇ ವರದಿ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋದರು. ವಿರಾಜಪೇಟೆಯಲ್ಲಿ ಇದೇನೂ ಹೊಸದಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ ಹಾಕುತ್ತಾರೆ, ಮತ್ತೆ ಯಾರಾದರೂ ದೂರು ಕೊಟ್ಟರೆ ಇನ್ನೊಂದು ಸಲ. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಆ ಘಾಟು ಮೂಗಿಗೆ ಬಡಿಯಿತು. ಸೆರಗನ್ನು ಮೂಗಿಗೆ ಅಡ್ಡ ಕಟ್ಟಿಕೊಂಡು, ಬಾವಿಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನ ನೀರಿಗೆ ಬಿಳಿ ಪುಡಿ ಹಾಕಿ ಕೋಲಿನಲ್ಲಿ ಕದಡುತ್ತಿದ್ದ ಒಬ್ಬ ಹೆಂಗಸು ಕಣ್ಣ ಮುಂದೆ ಬಂದರು. ಅವರನ್ನು ನೆನೆಯದೆ ಬಹಳ ದಿನವಾಗಿತ್ತು. ನೆನೆಯದೆ ಇರುವುದನ್ನು ನಾನೇ ರೂಢಿ ಮಾಡಿಕೊಂಡಿದ್ದೆ ಅನ್ನಬೇಕು…

ನಾನು ಹಿಂದೆ ಕೆಲಸದಲ್ಲಿದ್ದ ಒಂದು ಊರಿನವರೆಲ್ಲ ಅವರನ್ನು ನರ್ಸಕ್ಕ ಎಂದು ಕರೆಯುತ್ತಿದ್ದರು. ಕುಶಾಲನಗರದ ಕಡೆಯವರು. ಅವರ ತಂದೆ ಹಾಸನ ಜಿಲ್ಲೆಯಿಂದ ಬಂದು ಅಲ್ಲಿ ಹೊಲ ಮಾಡಿಕೊಂಡವರಂತೆ. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿಗೆ ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಕೆಲಸಕ್ಕೆ ಬಂದವರು ಅಲ್ಲೇ ನಿವೃತ್ತರಾದರು, ನಿವೃತ್ತರಾದ ಮೇಲೂ ಅಲ್ಲೇ ಉಳಿದರು. ಮದುವೆಯಾಗಿರಲಿಲ್ಲ. ಊರಿನ ಕೆಳಗಡೆ, ತೋಡಿನ ಪಕ್ಕದಲ್ಲಿ ಎರಡು ಕೋಣೆಯ ಒಂದು ಮನೆ ಕಟ್ಟಿಕೊಂಡಿದ್ದರು. ಮಳೆಗಾಲದಲ್ಲಿ ಗುಡ್ಡದ ನೀರನ್ನೆಲ್ಲ ಹೊತ್ತು ತರುವ ಆ ತೋಡು ಅವರ ಹಿತ್ತಲನ್ನು ಬಳಸಿ, ಅದರಾಚೆ ಕೂಲಿಯವರ ಮನೆಗಳ ಪಕ್ಕದಲ್ಲಿ ಹಾದು, ಕೆಳಗಿನ ಗದ್ದೆಗೆ ಇಳಿಯುತ್ತಿತ್ತು.

ನಾನು ಆಗ ಅಲ್ಲಿ ಗ್ರಾಮ ಲೆಕ್ಕಿಗನಾಗಿದ್ದೆ. ಜನರ ಬಾಯಲ್ಲಿ ವಿ.ಎ. ಸಾರ್. ಮಡಿಕೇರಿಯಲ್ಲಿ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದ ಮನೆಯಿಂದ ಸರ್ಕಾರಿ ಕೆಲಸಕ್ಕೆ ಬಂದ ಮೊದಲಿಗ. ಪಹಣಿ, ಪ್ರಮಾಣಪತ್ರ, ಮಳೆಗೆ ಬಿದ್ದ ಗೋಡೆಯ ವರದಿ, ಇಷ್ಟರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಸಂಸಾರ ತಂದು ಅಲ್ಲಿ ಮನೆ ಹೂಡಿದ ಮೊದಲ ಮಳೆಗಾಲಕ್ಕೇ ನನ್ನ ಮಗಳಿಗೆ ವಾಂತಿಭೇದಿ ಹತ್ತಿತು. ಅವಳಿಗೆ ಆಗ ನಾಲ್ಕು ವರ್ಷ. ನರ್ಸಕ್ಕ ಒಂಬತ್ತು ದಿನ, ದಿನಕ್ಕೆ ಎರಡು ಸಲ, ಕೊಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಚಮಚದಲ್ಲಿ ಉಪ್ಪು ಸಕ್ಕರೆಯ ನೀರು ಕುಡಿಸುತ್ತ, ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡುತ್ತ ಕೂರುತ್ತಿದ್ದರು. ಹತ್ತನೇ ದಿನ ಅವಳು ಗಂಜಿ ಕೇಳಿದಾಗ ನನ್ನ ಹೆಂಡತಿ ಅತ್ತುಬಿಟ್ಟಳು. ನರ್ಸಕ್ಕ ಮಾತ್ರ, "ನೀರು ಕುದಿಸಿ ಕುಡೀರಿ ಅಂತ ಬಂದ ದಿನಾನೇ ಹೇಳಿದ್ದೆ, ನೀವು ಕೇಳ್ಲಿಲ್ಲ" ಎಂದು ನನ್ನನ್ನು ಬೈದು ಹೋದರು. ಮಾರನೇ ದಿನ ಬಂದು ನಮ್ಮ ಬಾವಿಗೆ ಅವರೇ ಪೌಡರ್ ಕಲಸಿ ಹಾಕಿದರು.

ಇಂಥವರ ವಿಷಯದಲ್ಲಿ ನಾನು ಮಾಡಿದ್ದನ್ನು ಹೇಳಬೇಕಾಗಿದೆ.

ತಾಲ್ಲೂಕಿನ ಪೇಟೆಯ ಕಸ ಆ ವರ್ಷಗಳಲ್ಲಿ ದೊಡ್ಡ ತಲೆನೋವಾಗಿತ್ತು. ವಾರದ ಕೊನೆಗೆ ಬರುವ ಪ್ರವಾಸಿಗರು ಹೆಚ್ಚಿದ್ದರು, ಹೋಂಸ್ಟೇಗಳು ಹೆಚ್ಚಿದ್ದವು. ಕಸ ಹಾಕುತ್ತಿದ್ದ ಹಳೆಯ ಜಾಗ ತುಂಬಿ, ಬಸ್ ಸ್ಟ್ಯಾಂಡಿನ ಹಿಂದೆಯೇ ರಾಶಿ ಬೀಳತೊಡಗಿತ್ತು. ಮೇಲಿನಿಂದ ದಿನಾ ಫೋನು. ಎಲ್ಲಾದರೂ ಪೈಸಾರಿ ಜಾಗ ಹುಡುಕಿ ಎಂದು. ಪೈಸಾರಿ ಎಂದರೆ ಯಾರ ಹೆಸರಿಗೂ ಇಲ್ಲದ ಸರ್ಕಾರದ ಜಾಗ. ನಮ್ಮ ಊರಿನ ಮೇಲಿನ ಗುಡ್ಡದಲ್ಲಿ ಅಂಥದ್ದು ನಾಲ್ಕು ಎಕರೆ ಇತ್ತು. ಲಾರಿ ಹೋಗುವಷ್ಟು ದಾರಿಯೂ ಇತ್ತು. ನಕ್ಷೆಯಲ್ಲಿ ನೋಡಿದರೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ತೋಡು ಹುಟ್ಟುವುದೂ ಅಲ್ಲೇ ಎಂಬುದು ನಕ್ಷೆಯಲ್ಲಿ ಇರಲಿಲ್ಲ.

ಮಾರ್ಚ್ ತಿಂಗಳಲ್ಲಿ ತಹಶೀಲ್ದಾರ್ ಸಾಹೇಬರು ಜಾಗ ನೋಡಲು ಬಂದರು. ಜೊತೆಗೆ ಸರ್ವೆಯವರು, ನಾನು. ಬಿಸಿಲು ಚೆನ್ನಾಗಿ ಕಾದಿತ್ತು. ತೋಡು ಇದ್ದ ಕಡೆ ಒಣಗಿದ ಎಲೆ, ಕಪ್ಪು ಕಲ್ಲು ಮಾತ್ರ. ನಾನು ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ಮಹಜರು ಬರೆಯಲು ನಿಂತೆ. "ಮಳೆಗಾಲದಲ್ಲಿ ಇಲ್ಲಿ ನೀರು ಹರಿಯುತ್ತೆ ಸಾರ್" ಎಂದೆ.

"ಈಗ ಹರೀತಾ ಇದೆಯೇನ್ರಿ?"

"ಈಗ ಇಲ್ಲ ಸಾರ್."

"ನೀವು ಬರೀತಾ ಇರೋ ಮಹಜರು ಇವತ್ತಿಂದೋ, ಮಳೆಗಾಲದ್ದೋ?"

ಅವರು ಸಿಟ್ಟಿನಿಂದ ಕೇಳಲಿಲ್ಲ. ಬೆವರು ಒರೆಸಿಕೊಳ್ಳುತ್ತ ಕೇಳಿದರು. ಸ್ಥಳ ಪರಿಶೀಲನೆಯ ವೇಳೆ ನೀರಿನ ಹರಿವು ಕಂಡುಬಂದಿರುವುದಿಲ್ಲ ಎಂದು ನಾನು ಬರೆದೆ. ಅದು ಸುಳ್ಳಾಗಿರಲಿಲ್ಲ. ಆ ಸಾಲು ತಾಲ್ಲೂಕು ಕಚೇರಿಯ ಫೈಲಿಗೆ ಹೋಗುವಾಗ ‘ಸದರಿ ಸ್ಥಳದಲ್ಲಿ ನೀರಿನ ಹರಿವು ಇರುವುದಿಲ್ಲ’ ಎಂದಾಯಿತು. ಅಲ್ಲಿಂದ ಜಿಲ್ಲೆಗೆ ಹೋಗುವಾಗ ‘ಯಾವುದೇ ಜಲಮೂಲ ಇರುವುದಿಲ್ಲ’ ಎಂದಾಯಿತು. ಎರಡೂ ಪ್ರತಿ ನನ್ನ ಕೈಯಲ್ಲೇ ಹಾದುಹೋದವು. ನಾನು ಸೀಲು ಹೊಡೆದು ಮುಂದೆ ಕಳಿಸಿದೆ.

ಏಪ್ರಿಲ್‌ನಲ್ಲಿ ಪಂಚಾಯಿತಿಯ ಹಾಲಿನಲ್ಲಿ ಸಭೆ ಕರೆದರು. ಅಷ್ಟು ಜನ ಆ ಹಾಲಿನಲ್ಲಿ ಸೇರಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ತೋಟದ ಮಾಲೀಕರು ಜೀಪಿನಲ್ಲಿ ಬಂದಿದ್ದರು. ತೋಟದ ಕೂಲಿಯವರ ಲೈನ್ ಮನೆಗಳಿಂದ, ಪೈಸಾರಿ ಮನೆಗಳಿಂದ ಜನ ನಡೆದು ಬಂದಿದ್ದರು. ಕೊಡವ ಮಾತು, ಮಲಯಾಳ, ಅರೆಭಾಷೆ, ತಮಿಳು ಎಲ್ಲ ಒಟ್ಟೊಟ್ಟಿಗೆ ಕೇಳುತ್ತಿತ್ತು. ಸಾಹೇಬರು ಎದ್ದು ನಿಂತು, ಇದು ಕಸದ ಗುಂಡಿಯಲ್ಲ, ವೈಜ್ಞಾನಿಕ ಘಟಕ, ವಾಸನೆ ಬರುವುದಿಲ್ಲ, ನೊಣ ಬರುವುದಿಲ್ಲ ಎಂದು ಹೇಳಿದರು.

ಹಿಂದಿನ ಸಾಲಿನಿಂದ ನರ್ಸಕ್ಕ ಎದ್ದರು. "ವಾಸನೆ ಬರಲ್ಲ ಅಂದ್ರೆ ಪೇಟೆಯಲ್ಲೇ ಮಾಡ್ಬೋದಲ್ಲ ಸಾರ್? ಅಷ್ಟು ದೂರ ಯಾಕೆ ಹೊತ್ಕೊಂಡು ಬರ್ತೀರ?"

ಜನ ನಕ್ಕರು. ನಗು ಮುಗಿಯುವವರೆಗೆ ಅವರು ನಿಂತೇ ಇದ್ದರು.

"ನಾನು ಕಸಾನೇ ಬೇಡ ಅಂತಿಲ್ಲ. ಪೇಟೆಯೋರೂ ಮನುಷ್ಯರೇ, ಅವರ ಕಸಾನೂ ಎಲ್ಲಾದ್ರೂ ಹೋಗ್ಬೇಕು. ತೋಡಿನ ತಲೆ ಮೇಲೆ ಬೇಡ ಅಷ್ಟೇ. ಕೆಳಗಡೆ ಎಂಬತ್ತು ಮನೆ ಆ ನೀರು ಕುಡಿಯುತ್ತೆ. ಹಳೇ ಕಲ್ಲು ಕ್ವಾರಿ ಕಡೆ ಜಾಗ ಇದೆ, ಬನ್ನಿ, ನಾನೇ ತೋರಿಸ್ತೀನಿ."

ಸಾಹೇಬರು ತಲೆಯಾಡಿಸಿ ಏನೋ ಬರೆದುಕೊಂಡರು. ಸಭೆಯ ನಡಾವಳಿ ಬರೆದವನು ನಾನೇ. ‘ಗ್ರಾಮಸ್ಥರ ಸಲಹೆಗಳನ್ನು ಸ್ವೀಕರಿಸಲಾಯಿತು’ ಎಂಬುದು ಅದರ ಕೊನೆಯ ಸಾಲು. ಕ್ವಾರಿಯ ಕಡೆ ಯಾರೂ ಹೋಗಲಿಲ್ಲ.

ಜಾಗ ಸಮ ಮಾಡಲು ಜೆಸಿಬಿ ಬಂದ ದಿನ ಜನ ಗುಡ್ಡದ ತಿರುವಿನಲ್ಲಿ ರಸ್ತೆಗೆ ಅಡ್ಡ ಕೂತರು. ಜೆಸಿಬಿ ವಾಪಸ್ ಹೋಯಿತು. ಅವರು ಅಲ್ಲೇ ಒಂದು ಟಾರ್ಪಾಲು ಕಟ್ಟಿದರು. ಮೊದಲ ವಾರ ಇನ್ನೂರು ಜನ. ಪೊಲೀಸರು ಬಂದು ಎಬ್ಬಿಸುತ್ತಾರೆಂದು ಎಲ್ಲರೂ ಕಾದರು. ಯಾರೂ ಬರಲಿಲ್ಲ. ಮೇ ತಿಂಗಳಲ್ಲಿ ಮೇಲಿನ ತೋಟಗಳ ಕಡೆಗೆ ಹೋಗುವ ರಸ್ತೆಗೆ ಡಾಂಬರು ಮಂಜೂರಾಯಿತು. ಎಷ್ಟೋ ವರ್ಷದಿಂದ ಕೇಳಿದ್ದ ರಸ್ತೆ. ಜೀಪುಗಳು ತಿರುವಿಗೆ ಬರುವುದು ಕಡಿಮೆಯಾಯಿತು. ಆಮೇಲೆ ಪೈಸಾರಿಯಲ್ಲಿ ಮನೆ ಕಟ್ಟಿಕೊಂಡಿದ್ದವರಿಗೆ ಹಕ್ಕುಪತ್ರ ಕೊಡುವ ಕೆಲಸ ಶುರುವಾಯಿತು. ಪಟ್ಟಿ ಮಾಡಿಕೊಂಡು ಮನೆ ಮನೆಗೆ ಹೋದವನೂ ನಾನೇ. ರಸ್ತೆಯಲ್ಲಿ ಕೂರುವವರ ಹೆಸರು ಪಟ್ಟಿಯಲ್ಲಿ ಕೊನೆಗೆ ಬರಲಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರು.

ತೋಡಿನ ಪಕ್ಕದ ಆ ಮನೆಗಳಲ್ಲಿ ಎಸ್ಟೇಟಿನ ಒಬ್ಬ ಮೇಸ್ತ್ರಿ ಇದ್ದ. ನರ್ಸಕ್ಕನ ಜೊತೆ ಟಾರ್ಪಾಲಿನ ಕೆಳಗೆ ಮೊದಲ ದಿನದಿಂದಲೂ ಕೂತವನು. ಅವನ ಮೂರು ಮಕ್ಕಳ ಹೆರಿಗೆಯನ್ನೂ ಮಾಡಿಸಿದವರು ಅವರೇ. ಒಂದು ದಿನ ಅವನು ನನ್ನ ಆಫೀಸಿಗೆ ಬಂದು, ಹಕ್ಕುಪತ್ರದ ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿ ಹೋದ. ಮಾರನೇ ದಿನದಿಂದ ತಿರುವಿನಲ್ಲಿ ಕಾಣಲಿಲ್ಲ. ನರ್ಸಕ್ಕ ಅವನನ್ನು ದೂರಲಿಲ್ಲ. "ಇಪ್ಪತ್ತು ವರ್ಷ ಅವನು ಆ ಕಾಗ್ದಕ್ಕೆ ಅಲೆದಿದ್ದಾನೆ. ಬೇಡ ಅನ್ನೋಕೆ ನಾನ್ಯಾರು" ಎಂದರು.

ಕೊನೆಗೆ ಉಳಿದವರು ಒಂಬತ್ತು ಜನ. ಅವರಿಗೆ ನೋಟಿಸು ಬಂತು. ಸಾರ್ವಜನಿಕ ಶಾಂತಿಗೆ ಭಂಗ ತರುವುದಿಲ್ಲವೆಂದು ತಾಲ್ಲೂಕು ಕಚೇರಿಗೆ ಬಂದು ಮುಚ್ಚಳಿಕೆ ಬರೆದುಕೊಡಬೇಕು ಎಂದು. ಜಾರಿ ಮಾಡಬೇಕಾದವನು ನಾನು. ನರ್ಸಕ್ಕನ ಮನೆಗೆ ಹೋದಾಗ ಅವರು ಹಿತ್ತಲಿನಲ್ಲಿ ಕೆಸುವಿನ ಎಲೆ ಕೊಯ್ಯುತ್ತಿದ್ದರು. ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಶಾಂತಿ ಭಂಗ ಮಾಡೋಳು ನಾನಾ ಸಾರ್?"

"ಬರೀ ಫಾರ್ಮಾಲಿಟಿ ಅಕ್ಕ."

"ಈ ಊರಲ್ಲಿ ಅರ್ಧ ಜನ ಹುಟ್ಟಿದ್ದು ನನ್ನ ಕೈಮೇಲೆ. ಹುಟ್ಟೋವಾಗ ಅವರು ಮಾಡಿದ ಗಲಾಟೆಗೆ ಯಾರೂ ನೋಟಿಸು ಕೊಡ್ಲಿಲ್ಲ."

ನಗುತ್ತಲೇ ಹೇಳಿ, ನೋಟಿಸು ಮುಟ್ಟಿದ್ದಕ್ಕೆ ಸಹಿ ಹಾಕಿದರು. ಆಮೇಲೆ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಅವರು ಕೂತಿದ್ದನ್ನು ನಾನು ಮೂರು ಸಲ ನೋಡಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದರು. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಎನ್ನುತ್ತಿದ್ದರು. ಊಟದ ಹೊತ್ತು ಕಳೆಯುತ್ತಿತ್ತು. ನಾಲ್ಕೂವರೆಗೆ ಬೇರೆ ತಾರೀಕು ಹೇಳಿ ಕಳಿಸುತ್ತಿದ್ದರು. ಅವರನ್ನು ಯಾರೂ ಬೈಯಲಿಲ್ಲ. ಗುಮಾಸ್ತರೊಬ್ಬರು ಫ್ಯಾನಿನ ಕೆಳಗೆ ಕೂರಿ ಅಮ್ಮ ಎಂದೂ ಹೇಳಿದ್ದರು… ಮೂರನೇ ಸಲ ಅವರು ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಅವರಿಗೆ ವಯಸ್ಸಾಗಿದೆ ಎಂದು ನನಗೆ ಅನಿಸಿದ್ದು ಆಗಲೇ.

ಅಷ್ಟರಲ್ಲಿ ಅವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನನ್ನ ಮಹಜರಿನ ಪ್ರತಿ ತೆಗೆಸಿದ್ದರು. ಜೂನ್ ಕೊನೆಯಲ್ಲಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನನ್ನ ಆಫೀಸಿಗೆ ಬಂದರು. ಹೊರಗೆ ಮಳೆ ಜೋರಾಗಿತ್ತು. ಮೇಜಿನ ಮೇಲೆ ಹಾಳೆ ಬಿಡಿಸಿ, "ಇದು ನಿಮ್ಮ ಕೈಬರಹ ಅಲ್ವಾ?" ಎಂದರು.

"ಹೌದು ಅಕ್ಕ."

"ನೀವು ಸುಳ್ಳು ಬರ್ದಿಲ್ಲ. ಅವತ್ತು ನೀರಿರ್ಲಿಲ್ಲ, ನನಗೂ ಗೊತ್ತು." ಹಾಳೆಯನ್ನು ಮತ್ತೆ ಕವರಿಗೆ ಹಾಕಿದರು. "ಈಗ ಇದೆ. ಇನ್ನೊಂದು ಸಲ ಹೋಗಿ ನೋಡಿ. ನೋಡಿದ್ದನ್ನ ಬರೀರಿ. ನಾನು ಇಷ್ಟೇ ಕೇಳೋದು."

ಒಂಬತ್ತು ದಿನ ನನ್ನ ಮಗಳ ಪಕ್ಕ ಕೂತದ್ದನ್ನು ಅವರು ನೆನಪಿಸಲಿಲ್ಲ. ನೆನಪಿಸಿದ್ದರೆ ನನಗೆ ಸುಲಭವಾಗುತ್ತಿತ್ತೇನೋ, ಸಿಟ್ಟಾದರೂ ಬರುತ್ತಿತ್ತು.

ಜುಲೈ ಮೊದಲ ವಾರ ನಾನು ಹೋದೆ. ಜಿಗಣೆ ಹತ್ತಿಸಿಕೊಂಡು ಗುಡ್ಡ ಏರಿದೆ. ಮಾರ್ಚ್‌ನಲ್ಲಿ ಬಾನೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ನಿಂತ ಜಾಗದಲ್ಲಿ ನೀರು ಮೊಣಕಾಲಿನವರೆಗಿತ್ತು. ಬಂಡೆಯ ಅಡಿಯಿಂದ ಮೂರು ಕಡೆ ಉಕ್ಕುತ್ತಿತ್ತು. ಮನೆಗೆ ಬಂದು, ಒಂದೂವರೆ ಪುಟದ ವರದಿ ಬರೆದೆ. ನೀರಿನ ಆಳ, ಹರಿಯುವ ದಿಕ್ಕು, ಕೆಳಗಿನ ಬಾವಿಗಳು, ಮನೆಗಳು ಎಲ್ಲವನ್ನೂ ಬರೆದೆ. ನನ್ನ ಸರ್ವೀಸಿನಲ್ಲಿ ನಾನು ಬರೆದ ಒಳ್ಳೆಯ ವರದಿ ಅದೊಂದೇ.

ಸಾಹೇಬರು ಅದನ್ನು ಪೂರ್ತಿ ಓದಿದರು. "ಯಾರು ಕೇಳಿದ್ರು ಇದನ್ನ ನಿಮ್ಮನ್ನ?" ಎಂದರು.

ನಾನು ಮೇಜಿನ ಮುಂದೆ ನಿಂತೇ ಇದ್ದೆ.

"ಕೂತ್ಕೊಳ್ರಿ" ಎಂದರು. ಅವರ ಮೇಜಿನ ಮೇಲೆ ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇತ್ತು. "ಈ ಕಸಕ್ಕೆ ನಾನು ನಾಲ್ಕು ಊರು ನೋಡಿದ್ದೀನಿ. ನಾಲ್ಕರಲ್ಲೂ ನೀರಿದೆ. ಇದು ಕೊಡಗು ಕಣ್ರೀ, ನೀರಿಲ್ಲದ ಜಾಗ ಎಲ್ಲಿಂದ ತರ್ಲಿ? ನಾಲ್ಕೂ ಊರಲ್ಲಿ ನಿಮ್ಮ ನರ್ಸಮ್ಮನ ಹಾಗೆ ಒಬ್ಬೊಬ್ಬರಿದ್ದಾರೆ. ಎಲ್ಲರೂ ಸರಿಯಾಗೇ ಮಾತಾಡ್ತಾರೆ. ಬಸ್ ಸ್ಟ್ಯಾಂಡಲ್ಲಿ ನಾಯಿ ಕಸ ಎಳ್ಕೊಂಡು ತಿರುಗ್ತಾ ಇದೆ, ಮೇಲಿನೋರು ನನ್ನ ಕೇಳ್ತಾರೆ. ಏನು ಹೇಳ್ಲಿ?" ವರದಿಯನ್ನು ಮಡಿಸಿ ನನ್ನ ಕಡೆ ತಳ್ಳಿದರು. "ಇದನ್ನ ನಾನು ತಗೊಂಡ್ರೆ ಫೈಲಿಗೆ ಹಾಕ್ಬೇಕು. ನೀವೇ ಇಟ್ಕೊಳ್ಳಿ."

ಟಪಾಲಿನ ಕಿಟಕಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಆ ಕಿಟಕಿ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ವರದಿಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ.

ಊರಿನಲ್ಲಿ ಇಳಿದಾಗ ನರ್ಸಕ್ಕ ಅಂಗಡಿಯ ಜಗಲಿಯಲ್ಲಿ ಕಾಯುತ್ತಿದ್ದರು. "ಕೊಟ್ರಾ ಸಾರ್?" ಎಂದರು.

"ಕೊಟ್ಟೆ ಅಕ್ಕ" ಎಂದೆ.

ಕೊಟ್ಟಿದ್ದೆನಲ್ಲ, ಸಾಹೇಬರು ಓದಿದ್ದರಲ್ಲ ಎಂದು ಆವತ್ತು ನನಗೆ ನಾನೇ ಹೇಳಿಕೊಂಡೆ. ನರ್ಸಕ್ಕನ ಮುಖ ಒಮ್ಮೆಲೇ ಹಗುರಾದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗಡಿಯವರಿಂದ ಒಂದು ಪೊಟ್ಟಣ ಬಿಸ್ಕತ್ತು ತೆಗೆದು ನನ್ನ ಕೈಗಿಟ್ಟು, "ಮಗೂಗೆ ಕೊಡಿ" ಎಂದರು.

ಮಾರನೇ ದಿನ ಅವರು ಟಾರ್ಪಾಲು ಬಿಚ್ಚಿಸಿದರು. ವಿ.ಎ. ಸಾರ್ ವರದಿ ಕೊಟ್ಟಿದ್ದಾರೆ, ಇನ್ನು ಆಫೀಸಿನವರು ಯೋಚನೆ ಮಾಡಲೇಬೇಕು, ಸುಮ್ಮನೆ ಮಳೆಯಲ್ಲಿ ನೆನೆಯುವುದು ಬೇಡ ಎಂದು ಉಳಿದವರಿಗೆ ಹೇಳಿದರಂತೆ. ಮಡಿಕೇರಿಯ ವಕೀಲರೊಬ್ಬರು ತಡೆಯಾಜ್ಞೆ ತರೋಣ ಎಂದು ಹೇಳಿ ಕಳಿಸಿದ್ದರು. ಅವರಿಗೂ ಸ್ವಲ್ಪ ಕಾಯೋಣ ಎಂದರು. ಜುಲೈ ಕಾದರು, ಆಗಸ್ಟ್ ಕಾದರು, ಸೆಪ್ಟೆಂಬರ್ ಕಾದರು. ಸಿಕ್ಕಾಗಲೆಲ್ಲ ಏನಾದರೂ ಬಂತಾ ಎಂದು ಕೇಳುತ್ತಿದ್ದರು. ನಾನು ಇನ್ನೂ ಇಲ್ಲ ಎನ್ನುತ್ತಿದ್ದೆ. ಒಂದೇ ಒಂದು ದಿನ ನಿಜ ಹೇಳಿದ್ದರೂ ಅವರು ವಕೀಲರ ಹತ್ತಿರ ಹೋಗುತ್ತಿದ್ದರು.

ಅಕ್ಟೋಬರಿನಲ್ಲಿ ಪೊಲೀಸ್ ವ್ಯಾನಿನ ಹಿಂದೆ ಜೆಸಿಬಿ ಬಂತು. ತಿರುವಿನಲ್ಲಿ ಯಾರೂ ಇರಲಿಲ್ಲ. ಹದಿನೈದು ದಿನದಲ್ಲಿ ಬೇಲಿ ಹಾಕಿ, ಒಂದು ಶೆಡ್ಡು ಕಟ್ಟಿ, ಲಾರಿ ಬಿಟ್ಟರು.

ನರ್ಸಕ್ಕ ಇನ್ನೊಂದು ಅರ್ಜಿ ಹಾಕಿದರು. ಜುಲೈ ತಿಂಗಳ ವರದಿಯ ಪ್ರತಿ ಬೇಕು ಎಂದು. ‘ಅಂತಹ ಯಾವುದೇ ದಾಖಲೆ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಎಂಬ ಉತ್ತರ ಅವರಿಗೆ ಹೋಗಿದ್ದು ನನಗೆ ಕಚೇರಿಯಲ್ಲಿ ತಿಳಿಯಿತು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ನಾನು ಆಫೀಸಿನ ಬಾಗಿಲು ನೋಡುತ್ತ ಕೂರುತ್ತಿದ್ದೆ. ಅವರು ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮೊದಲಿನ ಹಾಗೇ, "ಮಗು ಹೇಗಿದೆ ಸಾರ್?" ಎನ್ನುತ್ತಿದ್ದರು. ವರದಿಯ ಮಾತು ಮತ್ತೆ ಎತ್ತಲೇ ಇಲ್ಲ. ಮುಂದಿನ ಮೇ ತಿಂಗಳಲ್ಲಿ ನಾನು ಕೇಳಿಕೊಂಡು ಕುಟ್ಟದ ಕಡೆಗೆ ವರ್ಗ ಮಾಡಿಸಿಕೊಂಡೆ. ಹೋಗುವ ಮುಂಚೆ ಅವರ ಮನೆಗೆ ಹೋಗಬೇಕೆಂದುಕೊಂಡೆ… ಹೋಗಲಿಲ್ಲ.

ಆ ವರ್ಷದ ಮಳೆಗೆ ಕಸದ ರಾಶಿ ಜರಿದು ತೋಡಿಗೆ ಬಂತು ಎಂದು ಅಲ್ಲಿಂದ ಬಂದವರು ಹೇಳಿದರು. ಬಾವಿಗಳಲ್ಲಿ ಕಂದು ನೀರು. ಮಕ್ಕಳಿಗೆ ಭೇದಿ. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದ ನರ್ಸಕ್ಕ ಮತ್ತೆ ಬಕೆಟ್ಟು ಕೋಲು ಹಿಡಿದು ಮನೆ ಮನೆಗೆ ತಿರುಗಿದರಂತೆ. ಮೂರು ಮಳೆಗಾಲ ಹೀಗೇ ನಡೆಯಿತು. ನಾಲ್ಕನೇ ವರ್ಷ ಘಟಕವನ್ನು ‘ತಾತ್ಕಾಲಿಕವಾಗಿ’ ನಿಲ್ಲಿಸಿ, ಲಾರಿಗಳನ್ನು ಬೇರೆ ಯಾವುದೋ ಊರಿನ ಕಡೆ ತಿರುಗಿಸಿದರು. ಸಾಹೇಬರು ಅಷ್ಟರಲ್ಲಿ ಬಡ್ತಿಯಾಗಿ ಘಟ್ಟದ ಕೆಳಗಿನ ಜಿಲ್ಲೆಗೆ ಹೋಗಿದ್ದರು. ನನ್ನ ಮಗಳು ಓದಿ ಟೀಚರ್ ಆದಳು. ನಾನು ನಿವೃತ್ತನಾಗಿ ಇಲ್ಲಿ ಬಂದು ನೆಲೆಸಿದೆ.

ಚರಂಡಿಗೆ ಪೌಡರ್ ಹಾಕಿದ ದಿನದಿಂದ ಮನಸ್ಸು ಸರಿಯಿರಲಿಲ್ಲ. ನಾಲ್ಕು ದಿನ ಬಿಟ್ಟು, ಅವರನ್ನು ನೋಡಿಕೊಂಡು ಬರೋಣವೆಂದು ಬಸ್ ಸ್ಟ್ಯಾಂಡಿಗೆ ಹೋದೆ. ಆ ಊರಿನ ಕಡೆಯ ಬಸ್ಸಿನ ಹತ್ತಿರ ನಿಂತಿದ್ದ ಒಬ್ಬ ಮುದುಕ ನನ್ನನ್ನು ನೋಡಿ ನಮಸ್ಕಾರ ಮಾಡಿದ. ಮೇಸ್ತ್ರಿ. ತಲೆಯೆಲ್ಲ ಬೆಳ್ಳಗಾಗಿತ್ತು. ಯಾವ ಕಡೆ ಸಾರ್ ಎಂದ. ನರ್ಸಕ್ಕನನ್ನು ನೋಡಲು ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ನಿಮಗೆ ಗೊತ್ತಾಗ್ಲಿಲ್ವಾ ಸಾರ್? ನರ್ಸಕ್ಕ ಹೋಗಿ ಎರಡು ವರ್ಷ ಆಯ್ತು."

ನಾವು ಅಲ್ಲೇ ಕಟ್ಟೆಯ ಮೇಲೆ ಕೂತೆವು. ಕೊನೆಯ ಆರು ತಿಂಗಳು ಹಾಸಿಗೆಯಲ್ಲಿದ್ದರಂತೆ. ಮೇಸ್ತ್ರಿಯ ಹೆಂಡತಿ, ಸೊಸೆ ನೋಡಿಕೊಂಡರಂತೆ. ಮನೆ ಈಗ ಅವರ ತಮ್ಮನ ಮಗನ ಹೆಸರಿಗಿದೆ, ಬಾಡಿಗೆಗೆ ಕೊಟ್ಟಿದ್ದಾರೆ ಎಂದ.

"ನಿಮ್ಮನ್ನ ಕೇಳೋರು ಸಾರ್. ನಿಮ್ಮ ವರದಿ ವಿಷಯ ಯಾರಾದ್ರೂ ಎತ್ತಿದ್ರೆ ಬಿಡ್ತಿರ್ಲಿಲ್ಲ. ವಿ.ಎ. ಸಾರ್ ಕೊಟ್ಟಿದ್ರು, ಆಫೀಸಿನೋರು ಕಳ್ದಿರ್ಬೇಕು, ಆ ಮನುಷ್ಯನ್ನ ಏನೂ ಅನ್ಬೇಡಿ ಅಂತ."

ಅವರು ಅದನ್ನು ನಂಬಿದ್ದರೋ, ಊರಿನವರ ಬಾಯಿಂದ ನನ್ನನ್ನು ಕಾಯಲು ಹಾಗೆ ಹೇಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಇನ್ನು ತಿಳಿಯುವುದೂ ಇಲ್ಲ.

"ನಾನು ಕೊಡ್ಲಿಲ್ಲ ಮೇಸ್ತ್ರಿ" ಎಂದೆ. "ವಾಪಸ್ ತಂದೆ. ಅವರಿಗೆ ಸುಳ್ಳು ಹೇಳ್ದೆ."

ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮನೆಯವಳಿಗೂ ಹೇಳಿರಲಿಲ್ಲ. ಮೇಸ್ತ್ರಿ ಬೈಯಲಿಲ್ಲ. ಚಪ್ಪಲಿಯಿಂದ ನೆಲ ಕೆರೆಯುತ್ತ ಕೂತ. ಆಮೇಲೆ, "ನಾನೂ ಎದ್ದು ಹೋದೆನಲ್ಲ ಸಾರ್" ಎಂದ.

ಕಂಡಕ್ಟರ್ ಸೀಟಿ ಊದಿದ. ಅವನು ಎದ್ದು ಬ್ಯಾಗು ಹೆಗಲಿಗೇರಿಸಿಕೊಂಡು, "ಬರ್ತೀರಾ ಸಾರ್? ಅವರನ್ನ ಮಣ್ಣು ಮಾಡಿದ ಜಾಗ ತೋರಿಸ್ತೀನಿ" ಎಂದ.

ನನ್ನ ಕೈಯಲ್ಲಿ ಅವರಿಗೆಂದು ಕೊಂಡ ಕಿತ್ತಳೆ ಹಣ್ಣಿತ್ತು. ಅದನ್ನು ಅವನ ಸೊಸೆಗೆ ಎಂದು ಕೊಟ್ಟೆ. ಇನ್ನೊಂದು ದಿನ ಬರುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ಬಸ್ ಹತ್ತಿ, ಅವನ ಪಕ್ಕ ಕೂತೆ.